ಸಂಕೋಚ ಬಿಟ್ಟು ಸುತ್ತತಕ್ಕ ಬಡಾವಣೆ

ಊರಿನಿಂದ ಬಂದ ನೆಂಟರಿಷ್ಟರನ್ನು ಕೆಂಪುಕೋಟೆ, ಕುತುಬ್ ಮಿನಾರುಗಳಿಗೆ ಕರೆದೊಯ್ಯುವುದು ದಿಲ್ಲಿ ಕನ್ನಡಿಗರಲ್ಲಿ ನಡೆದುಬಂದ ಪದ್ಧತಿ. ಲೋಧಿ ರಸ್ತೆಯ ಆಸುಪಾಸಿಗೆ ಮಾತ್ರ ಕರೆದೊಯ್ಯುವವರು ಕಡಿಮೆ. ಅದು ದೊಡ್ಡವರ ಜಾಗ, ಅಲ್ಲಿ ಒಂದು ಲೋಟ ಕಾಫಿ ಕುಡಿದರೆ ತಿಂಗಳ ಹಾಲಿನ ಲೆಕ್ಕವೇ ತಪ್ಪಿಹೋದೀತು ಎಂಬ ಅಂಜಿಕೆ. ಲೋಧಿ ಕಾಲೋನಿಯ ಸರ್ಕಾರಿ ಕ್ವಾರ್ಟರ್ಸಿನಲ್ಲಿ ಸಂಸಾರ ಹೂಡಿರುವ ಗುಮಾಸ್ತನಾದ ನಾನು ಹೇಳುವುದಿಷ್ಟೆ: ಅಂಜಬೇಡಿ. ನಮ್ಮ ದಿಲ್ಲಿ ಕನ್ನಡ ಶಾಲೆಯೂ ಇರುವುದು ಇಲ್ಲೇ, ಲೋಧಿ ಎಸ್ಟೇಟಿನಲ್ಲಿ. ಈ ಸೊಗಸಿನ ನೆರೆಯ ಬಹುಭಾಗ ಹುಟ್ಟಿದ್ದು ಸ್ವಂತ ನೆಲೆಯಿಲ್ಲದವರಿಗಾಗಿ.

ಚಳಿಗಾಲದ ಒಂದು ಭಾನುವಾರ ಮೆಟ್ರೋದ ಹಳದಿ ಮಾರ್ಗದಲ್ಲಿ ಬಂದು ಜೋರ್‌ಬಾಗಿನಲ್ಲಿ ಇಳಿಯಿರಿ. ಲೋಧಿ ರಸ್ತೆ ಹಿಡಿದು ಪೂರ್ವಕ್ಕೆ ನಡೆದರೆ ಎಡಗಡೆಗೆ ಲೋಧಿ ಉದ್ಯಾನ. ಟಿಕೇಟಿಲ್ಲ. ಖೈರ್‌ಪುರವೆಂಬ ಹಳ್ಳಿಯವರನ್ನು ಎಬ್ಬಿಸಿ, ವೈಸರಾಯರ ಪತ್ನಿ ಲೇಡಿ ವಿಲಿಂಗ್ಡನ್ನರ ಹೆಸರಿನಲ್ಲಿ 1936ರಲ್ಲಿ ತೆರೆದ ತೋಟವಿದು; ಸ್ವಾತಂತ್ರ್ಯ ಬಂದ ಮೇಲೆ ಲೋಧಿಗಳ ಹೆಸರು ಪಡೆಯಿತು. ಮಹಮ್ಮದ್ ಷಾ ಸಯ್ಯದನ ಎಂಟು ಮೂಲೆಯ ಗೋರಿ, ನೀಲಿ ಹೆಂಚಿನ ಕುರುಹು ಉಳಿದಿರುವ ಶೀಶ್ ಗುಂಬದ್, 1517ರಲ್ಲಿ ತೀರಿಕೊಂಡ ಸಿಕಂದರ್ ಲೋಧಿಯ ಗೋರಿ, ಇವನ್ನು ನೋಡಿ ಎಳೆಬಿಸಿಲಿನಲ್ಲಿ ಜಮಖಾನ ಹಾಸಿ ಚಿತ್ರಾನ್ನದ ಡಬ್ಬಿ ಬಿಚ್ಚಿ. ದಿಲ್ಲಿಯನ್ನಾಳಿದ ಸುಲ್ತಾನನಿಗೂ ಕೊನೆಗೆ ದಕ್ಕಿದ್ದು ಇಷ್ಟು ನೆಲವೇ ಎಂದು ತಿಳಿದರೆ ಬಾಡಿಗೆ ಮನೆಯವನಿಗೂ ಒಂದು ಸಮಾಧಾನ. ತಿಂದ ಎಲೆ, ಕಾಗದಗಳನ್ನು ಅಲ್ಲೇ ಬಿಟ್ಟು ಬರಬೇಡಿ.

ಆಮೇಲೆ ರಸ್ತೆ ದಾಟಿ ನಮ್ಮ ಕಾಲೋನಿಗೆ ಬನ್ನಿ. 1940ರ ದಶಕದಲ್ಲಿ ಇಂಗ್ಲಿಷರು ಸರ್ಕಾರಿ ನೌಕರರಿಗಾಗಿ ಕಟ್ಟಿಸಿದ ಮನೆಗಳಿವು. ಎತ್ತರದ ಕಮಾನು ಬಾಗಿಲು ದಾಟಿದರೆ ಒಳಗೆ ಅಂಗಳ, ಬೇವಿನ ಮರ, ಒಣಹಾಕಿದ ಬಟ್ಟೆ. ರಸ್ತೆಯ ಕಡೆಯ ಬೋಳು ಗೋಡೆಗಳ ಮೇಲೆ 2015ರಿಂದೀಚೆಗೆ ಸ್ಟಾರ್ಟ್ ಇಂಡಿಯಾ ಸಂಸ್ಥೆಯವರು ದೇಶವಿದೇಶದ ಕಲಾವಿದರಿಂದ ಚಿತ್ರ ಬರೆಸಿದ್ದಾರೆ. 50ಕ್ಕೂ ಮಿಕ್ಕಿ ಆಗಿವೆ. ಡಾಕು ಎಂಬ ಹೆಸರಿನ ಕಲಾವಿದ 2016ರಲ್ಲಿ ಗೋಡೆಯಿಂದ ಮುಂಚಾಚಿದ ಅಕ್ಷರಗಳನ್ನು ನಿಲ್ಲಿಸಿದ. ಬಿಸಿಲು ಬಿದ್ದಾಗ ಅವುಗಳ ನೆರಳೇ ಮಾತಾಗುತ್ತಿತ್ತು, ಸೂರ್ಯ ಸರಿದಂತೆ ಮಾತೂ ಸರಿಯುತ್ತಿತ್ತು. ಕಾಲ ಎಲ್ಲವನ್ನೂ ಬದಲಿಸುತ್ತದೆಂಬುದು ಅದರ ಹೆಸರಿನ ಅರ್ಥ.

ಇಲ್ಲೊಂದು ವಿನಂತಿ. ಕ್ಯಾಮೆರಾ ಹಿಡಿದು ಬರುವವರು ಗೋಡೆಯ ಹಿಂದೆ ಜನವಾಸವಿದೆಯೆಂಬುದನ್ನು ಮರೆಯಬಾರದು. ಕಿಟಕಿಯಲ್ಲಿ ಇಣುಕುವುದು, ಅಂಗಳದಲ್ಲಿ ಸೊಪ್ಪು ಬಿಡಿಸುತ್ತ ಕೂತ ಮುದುಕಿಯ ಚಿತ್ರವನ್ನು ಕೇಳದೆ ತೆಗೆಯುವುದು ಸಭ್ಯತೆಯಲ್ಲ.

ಚಿತ್ರಗಳ ಸಾಲಿನ ಒಂದು ಕೊನೆಗೆ ಮೆಹರ್‌ಚಂದ್ ಮಾರ್ಕೆಟ್. ಹಿಂದೆ ದರ್ಜಿಗಳಿಗೆ ಹೆಸರಾಗಿದ್ದ ಈ ಸಾಲಿನಲ್ಲಿ ಈಗ ಗಾಜಿನ ಬಾಗಿಲಿನ ಉಡುಪಿನಂಗಡಿಗಳು. ನೋಡುವುದಕ್ಕೆ ಹಣ ಕೇಳುವವರಿಲ್ಲ. ಕಡೆಗೆ ಆಟೋ ಹಿಡಿದು ಖಾನ್ ಮಾರ್ಕೆಟ್ಟಿಗೆ ಹೋಗಿ. ದೇಶದಲ್ಲೇ ಅತಿ ದುಬಾರಿ ಬಾಡಿಗೆಯ ಪೇಟೆಗಳಲ್ಲಿ ಇದೊಂದು. ಆದರೆ 1951ರಲ್ಲಿ ಇದು ಆರಂಭವಾದದ್ದು ದೇಶ ವಿಭಜನೆಯಲ್ಲಿ ಮನೆಮಠ ಕಳೆದುಕೊಂಡು ಬಂದವರಿಗಾಗಿ. ಕೆಳಗೆ ಅಂಗಡಿ, ಮೇಲೆ ವಾಸ. ಗಡಿನಾಡ ಗಾಂಧಿಯವರ ಅಣ್ಣ ಡಾಕ್ಟರ್ ಖಾನ್ ಸಾಹೇಬರ ಹೆಸರನ್ನು ಇದಕ್ಕಿಟ್ಟರು. ಅಂಥ ನಿರಾಶ್ರಿತರೊಬ್ಬರು, ಬಲರಾಜ್ ಬಹ್ರಿಯವರು, 1953ರಲ್ಲಿ ತೆರೆದ ಬಹ್ರಿಸನ್ಸ್ ಪುಸ್ತಕದಂಗಡಿ ಇಂದಿಗೂ ಇದೆ. ಅಲ್ಲಿ ಅರ್ಧ ಗಂಟೆ ಪುಸ್ತಕ ತಿರುವಿಹಾಕಿ, ಮಕ್ಕಳಿಗೊಂದು ಕೊಡಿಸಿ. ಪಕ್ಕದ ಹೋಟೆಲುಗಳಿಗೆ ಹೋಗದಿದ್ದರೆ ಅದರ ಬೆಲೆ ಅಲ್ಲೇ ಉಳಿದಿರುತ್ತದೆ! ಹಿಂತಿರುಗಲು ಮೆಟ್ರೋ ನಿಲ್ದಾಣ ಹತ್ತಿರದಲ್ಲೇ ಇದೆ.

"ಈ ಚಿತ್ರ ನಮ್ಮದೇನಪ್ಪಾ?" ಎಂದು ನಮ್ಮ ಬ್ಲಾಕಿನ ಗೋಡೆ ತೋರಿಸಿ ಮಗ ಒಮ್ಮೆ ಕೇಳಿದ. ಗೋಡೆ ಸರ್ಕಾರದ್ದು, ಚಿತ್ರ ಕಲಾವಿದರದು, ನಿವೃತ್ತಿಯಾದ ಮೇಲೆ ಬೀಗದಕೈ ಒಪ್ಪಿಸಿ ಹೊರಡತಕ್ಕವರು ನಾವು. "ಇಲ್ಲಿರುವಷ್ಟು ದಿನ ನಮ್ಮದೇ ಕಣೋ" ಎಂದೆ. ಏಳು ಸರ್ಕಾರಿ ಕಾಲೋನಿಗಳನ್ನು ಹೊಸದಾಗಿ ಕಟ್ಟುವ ಯೋಜನೆಗೆ 2016ರಲ್ಲಿ ಒಪ್ಪಿಗೆಯಾಗಿ, ಸರೋಜಿನಿ ನಗರ, ನೇತಾಜಿ ನಗರಗಳ ಹಳೆಯ ಕ್ವಾರ್ಟರ್ಸುಗಳು ನೆಲಕ್ಕುರುಳಿದವು. ಅಲ್ಲಿ ಆಡಿ ಬೆಳೆದ ಕನ್ನಡದ ಮಕ್ಕಳೂ ಉಂಟು. ಈಗ ಅವರು ಬೆರಳು ಮಾಡಿ ತೋರಿಸಲು ಆ ಮನೆಗಳಿಲ್ಲ. ನಮ್ಮ ಕಮಾನುಗಳು ಇನ್ನೂ ನಿಂತಿವೆ. ಅವು ನಿಂತಿರುವಾಗಲೇ ಮಕ್ಕಳ ಕೈಹಿಡಿದು ಒಮ್ಮೆ ಬಂದು ನೋಡಿಕೊಂಡು ಹೋಗಿ.