ಕೂದಲೆಳೆಗಿಂತ ಸಣ್ಣ ತಪ್ಪು

ಕಳೆದ ಮಳೆಗಾಲದಲ್ಲಿ ನನ್ನ ಕೈಯಿಂದ 20 ಅಲ್ಯೂಮಿನಿಯಂ ಪ್ಲೇಟು ಹಾಳಾದವು. ಪ್ರತಿಯೊಂದರಲ್ಲೂ 6 ಮಿ.ಮೀ.ನ ಎರಡು ತೂತು. ಅದರಲ್ಲಿ ಸ್ಟೀಲ್ ಪಿನ್ ಬಿಗಿಯಾಗಿ ಕೂರಬೇಕಿತ್ತು, ಕೂರಲಿಲ್ಲ, ಅಲ್ಲಾಡಿತು. ಆರ್ಡರ್ ಕೊಟ್ಟವರು ಒಂದು ಮಾತೂ ಬೈಯದೆ ವಾಪಸ್ ಕಳಿಸಿದರು. ಮಾಲಿನ ದುಡ್ಡು ಹೋಯಿತು, ಅದಕ್ಕಿಂತ ಹೆಚ್ಚಾಗಿ ಮಾನ ಹೋಯಿತು. "ಗಲ್ಫಿನಲ್ಲಿ ಅಷ್ಟು ವರ್ಷ ಇದೇ ಕೆಲಸ ಮಾಡಿದ್ದಲ್ವಾ ಮೋನೇ?" ಎಂದು ಉಮ್ಮ ಕೇಳಿದಾಗ ನನ್ನಲ್ಲಿ ಉತ್ತರ ಇರಲಿಲ್ಲ.

ಅಲ್ಲಿ ದೊಡ್ಡ ಮೆಷಿನ್. ಜಾಬ್ ಕಟ್ಟಿ ಬಟನ್ ಒತ್ತಿದರೆ ಆಯ್ತು. ಇಲ್ಲಿ ಮನೆ ಹಿಂದಿನ ಶೆಡ್, ಒಂದು ಬೆಂಚ್ ಡ್ರಿಲ್, ಒಂದು ವೈಸ್. ಊರಿಗೆ ಮರಳಿ ಇಂಥದ್ದೇ ಸಣ್ಣ ವರ್ಕ್‌ಶಾಪ್ ಇಟ್ಟುಕೊಂಡವರು ನಮ್ಮಲ್ಲಿ ಇದ್ದಾರೆ. ನಾನು ನಷ್ಟ ಮಾಡಿಕೊಂಡು ಕಲಿತದ್ದು ಅವರಿಗೆ ಪುಕ್ಕಟೆ ಸಿಗಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ನನ್ನ ಮೊದಲ ತಪ್ಪು, 6 ಮಿ.ಮೀ. ತೂತಿಗೆ ನೇರವಾಗಿ 6 ಮಿ.ಮೀ. ಡ್ರಿಲ್ ಬಿಟ್ ಹಾಕಿದ್ದು. ಬಿಟ್ ತೂತು ಕೊರೆಯುತ್ತದೆ, ಅಳತೆ ಕೊಡುವುದಿಲ್ಲ. ತೂತು ಸಾಮಾನ್ಯವಾಗಿ ತುಸು ದೊಡ್ಡದೇ ಆಗುತ್ತದೆ, ಪೂರ್ತಿ ದುಂಡಗೂ ಇರುವುದಿಲ್ಲ. ಪಿನ್ ಕೂರುವ ತೂತಿಗೆ ಡ್ರಾಯಿಂಗ್‌ನಲ್ಲಿ 'ಎಚ್7' ಎಂದು ಬರೆದಿರುತ್ತಾರೆ. ಅಂದರೆ 6.000ದಿಂದ 6.012 ಮಿ.ಮೀ. ಒಳಗೆ ಇರಬೇಕು. ಅವಕಾಶ ಬರೀ 12 ಮೈಕ್ರಾನ್. ತಲೆಕೂದಲೇ ಸುಮಾರು 50ರಿಂದ 100 ಮೈಕ್ರಾನ್ ದಪ್ಪ ಇರುತ್ತದೆ, ಲೆಕ್ಕ ಹಾಕಿ ನೋಡಿ.

ಇದಕ್ಕೆ ಬೇಕಾದದ್ದು ರೀಮರ್. ಮೊದಲು 5.8ರ ಬಿಟ್, ಆಮೇಲೆ 6ರ ರೀಮರ್. ತೀರಾ ಕಡಿಮೆ ಉಳಿಸಿದರೆ ರೀಮರ್ ಕತ್ತರಿಸದೆ ಉಜ್ಜುತ್ತದೆ. ಹೆಚ್ಚು ಉಳಿಸಿದರೆ ಪುಡಿ ತುಂಬಿ ಒಳಗೆಲ್ಲ ಗೀರು ಬೀಳುತ್ತದೆ. ಇನ್ನೊಂದು ವಿಷಯ, ರೀಮರ್ ಮೊದಲಿದ್ದ ತೂತಿನ ದಾರಿಯಲ್ಲೇ ಹೋಗುತ್ತದೆ. ಡ್ರಿಲ್ ಓರೆ ಹೋಗಿದ್ದರೆ ಅದನ್ನು ನೇರ ಮಾಡ್ಲಿಕ್ಕೆ ಅದರಿಂದ ಆಗುವುದಿಲ್ಲ. ಹಾಗಾಗಿ ಸೆಂಟರ್ ಡ್ರಿಲ್, ಬಿಟ್, ರೀಮರ್ ಮೂರೂ ಮುಗಿಯುವ ತನಕ ಜಾಬ್ ಅಲುಗಾಡಿಸಬಾರದು.

ಎರಡನೇ ತಪ್ಪು, ಒಣಗಿದ್ದ ಹಾಗೆಯೇ ಓಡಿಸಿದ್ದು. ಅಲ್ಯೂಮಿನಿಯಂ ಮೆತ್ತಗಿನ ಲೋಹ, ಅಂಟುವ ಸ್ವಭಾವ. ರೀಮರಿನ ಹಲ್ಲಿಗೆ ಮೆತ್ತಿಕೊಂಡರೆ ಹಲ್ಲು ದಪ್ಪವಾದ ಹಾಗೆ, ತೂತು ದೊಡ್ಡದಾಗುತ್ತದೆ. ಚಿಮಿಣಿ ಎಣ್ಣೆ ನಾಲ್ಕು ಹನಿ ಬಿಟ್ಟರೆ ಸಾಕು. ಬೀಡಿ, ಕಿಡಿ ಹತ್ತಿರ ಬರಬಾರದು ಅಷ್ಟೇ. ಸ್ಪೀಡ್ ಡ್ರಿಲ್ಲಿಗಿಂತ ಅರ್ಧ ಅಥವಾ ಇನ್ನೂ ಕಡಿಮೆ ಇರಲಿ. ಒಂದೇ ಸಮನೆ ಇಳಿಸಿ, ತಿರುಗುತ್ತಿರುವಾಗಲೇ ಮೇಲೆ ಎತ್ತಿ. ಉಲ್ಟಾ ತಿರುಗಿಸಲೇಬೇಡಿ, ಹಲ್ಲಿನ ಅಂಚು ಹೋಗುತ್ತದೆ. ಪುಡಿಯನ್ನು ಬ್ರಷ್‌ನಿಂದ ತೆಗೆಯಿರಿ, ಊದಬೇಡಿ. ಡ್ರಿಲ್ ಓಡುವಾಗ ಕೈಗವಸು ಬೇಡ, ಬಿಟ್‌ಗೆ ಸುತ್ತಿಕೊಂಡರೆ ಬೆರಳು ಹೋಗುತ್ತದೆ. ಕಣ್ಣಿಗೆ ಕನ್ನಡಕ ಬೇಕೇ ಬೇಕು.

ಅಳೆಯುವಾಗ ಜಾಬ್ ತಣ್ಣಗಿರಲಿ. 50 ಡಿಗ್ರಿ ಬಿಸಿ ಏರಿದರೆ 6 ಮಿ.ಮೀ. ತೂತು ಸುಮಾರು 7 ಮೈಕ್ರಾನ್ ಹಿಗ್ಗುತ್ತದೆ. ನಮಗಿರುವ 12ರಲ್ಲಿ ಅರ್ಧಕ್ಕಿಂತ ಹೆಚ್ಚು ಅಲ್ಲೇ ಹೋಯಿತು. ವರ್ನಿಯರ್ ಇಷ್ಟು ಸಣ್ಣ ಲೆಕ್ಕಕ್ಕೆ ಸಾಲದು. ಪ್ಲಗ್ ಗೇಜ್ ಇದ್ದರೆ ಒಳ್ಳೆಯದು, ಇಲ್ಲದಿದ್ದರೆ ಕೂರಿಸಬೇಕಾದ ಪಿನ್ನನ್ನೇ ಹಾಕಿ ನೋಡಿ.

ಈಗ ಹೊಸ ಆರ್ಡರ್ ಬಂದರೆ ಅದೇ ಮಾಲಿನ ಹಳೆ ತುಂಡಿನಲ್ಲಿ ಮೊದಲು ಒಂದು ತೂತು ಮಾಡುತ್ತೇನೆ. ಪಿನ್ ಕೂತರೆ ಮಾತ್ರ ಪ್ಲೇಟಿಗೆ ಕೈ ಹಾಕುವುದು. ಐದು ನಿಮಿಷ ಹೆಚ್ಚು ಹಿಡಿಯುತ್ತದೆ. ಆ 20 ಪ್ಲೇಟುಗಳನ್ನು ಹೊಸ ಮಾಲು ತಂದು, ನನ್ನದೇ ಖರ್ಚಿನಲ್ಲಿ ಮತ್ತೆ ಮಾಡಿ ಕೊಟ್ಟೆ. ಅವರು ಒಂದೊಂದೇ ಪಿನ್ ತಟ್ಟಿ ನೋಡಿದರು, ಏನೂ ಹೇಳಲಿಲ್ಲ. ಮರುವಾರ ಇನ್ನೊಂದು ಡ್ರಾಯಿಂಗ್ ಕಳಿಸಿದರು. ಹಾಳಾದ ಪ್ಲೇಟುಗಳು ಶೆಡ್‌ನಲ್ಲೇ ಉಂಟು, ಪರೀಕ್ಷೆಯ ತೂತು ಈಗ ಅವುಗಳಲ್ಲೇ.