ಮಣ್ಣು ದಾರಿಯ ವಿದ್ಯುತ್ ಬೈಕು: ಬೆಲೆ ಎಷ್ಟು, ಬಲ ಎಷ್ಟು?

ಪಿಯುಸಿ ಫಲಿತಾಂಶ ಬಂದ ಮರುದಿನವೇ ಅನೇಕ ಮನೆಗಳಲ್ಲಿ ಬೈಕಿನ ಮಾತು ಶುರುವಾಗುತ್ತದೆ. ಹೊಳಲ್ಕೆರೆಯ ಅಡಿಕೆ ತೋಟದ ದಾರಿ, ಹೊಸದುರ್ಗದ ಮಣ್ಣು ರಸ್ತೆ, ಹಿರಿಯೂರಿನ ಹಳ್ಳದ ಮರಳು, ಚಿತ್ರದುರ್ಗದ ಕಲ್ಲು ಏರು, ಎಲ್ಲದರ ಮೇಲೂ ಓಡುವ ಗಾಡಿಯೇ ಬೇಕೆಂಬುದು ಮಗನ ಹಟ. ಪೆಟ್ರೋಲ್ ಖರ್ಚು ನೆನೆದು ಅಪ್ಪ ಹಿಂಜರಿದರೆ 'ಹಾಗಾದರೆ ಕರೆಂಟ್ ಬೈಕ್ ಕೊಡಿಸಿ' ಎಂಬ ಉತ್ತರ ಸಿದ್ಧವಾಗಿರುತ್ತದೆ. ಹಟವೂ ಬೇಡ, ಗದರಿಕೆಯೂ ಬೇಡ. ಒಂದು ಕಾಗದ, ಒಂದು ಪೆನ್ನು ಹಿಡಿದು ಇಬ್ಬರೂ ಕೂತರೆ ಸಾಕು.

ಉದಾಹರಣೆಗೆ ನಮ್ಮ ರಾಜ್ಯದ್ದೇ ಒಂದು ಗಾಡಿಯಿದೆ. ಬೆಂಗಳೂರಿನ ಅಲ್ಟ್ರಾವಯಲೆಟ್ ಕಂಪನಿ 2025ರ ಮಾರ್ಚ್‌ನಲ್ಲಿ 'ಶಾಕ್‌ವೇವ್' ಎಂಬ ಹಗುರ ವಿದ್ಯುತ್ ಬೈಕನ್ನು ಪ್ರಕಟಿಸಿತು. ತೂಕ 120 ಕಿಲೋ, ಬ್ಯಾಟರಿ 4 ಯೂನಿಟ್, ಒಮ್ಮೆ ಚಾರ್ಜ್ ಮಾಡಿದರೆ 165 ಕಿ.ಮೀ., ಬೆಲೆ 1.75 ಲಕ್ಷ ರೂಪಾಯಿ ಎಂದು ಕಂಪನಿ ಆಗ ಹೇಳಿತು. ಅದೇ ವರ್ಷದ ಜನವರಿಯಲ್ಲಿ ಬಂದ ಪೆಟ್ರೋಲ್ ಬೈಕ್ ಹೀರೋ ಎಕ್ಸ್‌ಪಲ್ಸ್ 210ರ ಆರಂಭದ ಬೆಲೆಯೂ ಹೆಚ್ಚುಕಡಿಮೆ ಅಷ್ಟೇ, 1.76 ಲಕ್ಷ. ಸೆಪ್ಟೆಂಬರ್‌ನಲ್ಲಿ ಇಂಥ ಪೆಟ್ರೋಲ್ ಬೈಕುಗಳ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿಯಿತು. ವಿದ್ಯುತ್ ವಾಹನಕ್ಕೆ ಅದಕ್ಕೂ ಮುಂಚೆಯೇ ಶೇ 5 ಮಾತ್ರ ಇತ್ತು. ಹಾಗಾಗಿ ಕೊಳ್ಳುವ ದಿನದ ಬೆಲೆಯನ್ನು ಮತ್ತೊಮ್ಮೆ ವಿಚಾರಿಸಲೇಬೇಕು.

ಮೊದಲು ಬಲದ ಮಾತು. ಶಾಕ್‌ವೇವ್‌ನ ಟಾರ್ಕ್ 505 ನ್ಯೂಟನ್ ಮೀಟರ್, ಎಕ್ಸ್‌ಪಲ್ಸ್‌ನದು ಸುಮಾರು 20 ಮಾತ್ರ ಎಂದು ಓದಿ ಹುಡುಗರು ಬೆರಗಾಗುತ್ತಾರೆ. ಇಲ್ಲೊಂದು ಗುಟ್ಟಿದೆ. ಮೊದಲನೆಯದು ಚಕ್ರದಲ್ಲಿ ಅಳೆದ ಲೆಕ್ಕ, ಎರಡನೆಯದು ಎಂಜಿನ್ನಿನಲ್ಲಿ ಅಳೆದದ್ದು. ಮೊದಲ ಗೇರಿನಲ್ಲಿ ಎಂಜಿನ್ನಿನ ಟಾರ್ಕ್ ಹಲವು ಪಟ್ಟು ಹೆಚ್ಚಿ ಚಕ್ರ ತಲುಪುವಾಗ ಅದೂ ನೂರಾರು ನ್ಯೂಟನ್ ಮೀಟರ್ ಆಗಿರುತ್ತದೆ. ವಿದ್ಯುತ್ ಬೈಕಿನ ನಿಜವಾದ ಹೆಚ್ಚುಗಾರಿಕೆ ಬೇರೆ. ನಿಂತಲ್ಲಿಂದಲೇ ಪೂರ್ತಿ ಟಾರ್ಕ್ ಸಿಗುತ್ತದೆ. ಕ್ಲಚ್ ಇಲ್ಲ, ಕಲ್ಲಿನ ಏರಿನಲ್ಲಿ ಎಂಜಿನ್ ಆಫ್ ಆಗುವ ಭಯವಿಲ್ಲ.

ಇನ್ನು 165 ಕಿ.ಮೀ. ಮಾತು. ಚಿತ್ರದುರ್ಗದಿಂದ ಹೊಳಲ್ಕೆರೆ, ಹೊಸದುರ್ಗ, ಹಿರಿಯೂರು ಸುತ್ತಿ ಮರಳಿದರೆ ಒಂದೂವರೆ ನೂರು ಕಿ.ಮೀ. ಆಸುಪಾಸು. ಕಾಗದದ ಮೇಲೆ ಒಂದೇ ಚಾರ್ಜಿಗೆ ಊರು ಸೇರಬಹುದು. ಆದರೆ 165 ಎಂಬುದು ನಿಗದಿತ ಪರೀಕ್ಷೆಯಲ್ಲಿ ಬಂದ ಅಂಕಿ, ನಮ್ಮ ದಾರಿಯದಲ್ಲ.

ಏರು ಹತ್ತುವಾಗ ಬ್ಯಾಟರಿ ಬೇಗ ಮುಗಿಯುತ್ತದೆ ಎಂದು ಹಲವರ ನಂಬಿಕೆ. ಲೆಕ್ಕ ಹಾಕಿ ನೋಡಿ. 120 ಕಿಲೋ ಬೈಕು, 70 ಕಿಲೋ ಸವಾರ, ಒಟ್ಟು 190. ಅದನ್ನು 300 ಮೀಟರ್ ಎತ್ತರಕ್ಕೆ ಏರಿಸಲು ಬೇಕಾದ ಶಕ್ತಿ 190ನ್ನು 9.8ರಿಂದ, ಮತ್ತೆ 300ರಿಂದ ಗುಣಿಸಿದಷ್ಟು ಜೌಲ್, ಅಂದರೆ ಸುಮಾರು 0.16 ಯೂನಿಟ್. ಮೋಟಾರಿನ ನಷ್ಟ ಸೇರಿಸಿದರೂ 0.2. ಬ್ಯಾಟರಿಯ ಇಪ್ಪತ್ತನೇ ಒಂದು ಪಾಲು, ಅಷ್ಟೆ!

ಬ್ಯಾಟರಿ ತಿನ್ನುವುದು ಸಡಿಲ ಮಣ್ಣು. ಡಾಂಬರಿನ ಮೇಲೆ ಚಕ್ರದ ಉರುಳು ತಡೆ ಗಾಡಿಯ ತೂಕದ ನೂರಕ್ಕೆ ಎರಡರಷ್ಟು ಎಂದು ಹಿಡಿದರೆ, ಸಡಿಲ ಮಣ್ಣಿನಲ್ಲಿ ಅದು ಹತ್ತಕ್ಕೂ ಏರಬಲ್ಲದು. ಆಗ ಉರುಳಲಷ್ಟೇ ಕಿಲೋಮೀಟರಿಗೆ 50 ವ್ಯಾಟ್ ಗಂಟೆ ಬೇಕು. 4 ಯೂನಿಟ್ ಎಂದರೆ 4,000 ವ್ಯಾಟ್ ಗಂಟೆ. ಭಾಗಿಸಿದರೆ 80 ಕಿ.ಮೀ. ಮೋಟಾರಿನ ನಷ್ಟ ಕಳೆದರೆ 65 ದಾಟುವುದೂ ಕಷ್ಟ.

ಮತ್ತೊಂದು ಶತ್ರು ಗಾಳಿ. ಈ ಜಿಲ್ಲೆಯ ಗುಡ್ಡಗಳ ಮೇಲೆ ಗಾಳಿಯಂತ್ರಗಳ ಸಾಲು ನಿಂತಿರುವುದು ಸುಮ್ಮನೆ ಅಲ್ಲ. ಗಾಳಿಯ ತಡೆ ವೇಗದ ವರ್ಗದಂತೆ ಏರುತ್ತದೆ. ಗಂಟೆಗೆ 50 ಕಿ.ಮೀ. ವೇಗದಲ್ಲಿ ಹೋಗುವವನಿಗೆ ಆಷಾಢದಲ್ಲಿ 25 ಕಿ.ಮೀ. ವೇಗದ ಎದುರುಗಾಳಿ ಸಿಕ್ಕರೆ ತಡೆ ಎರಡು ಪಟ್ಟಿಗೂ ಮಿಗಿಲು. ವಿದ್ಯುತ್ ಹುಟ್ಟಿಸುವ ಗಾಳಿಯೇ ಬ್ಯಾಟರಿಯನ್ನೂ ಖಾಲಿ ಮಾಡುತ್ತದೆ!

ಈಗ ಅಪ್ಪನ ಲೆಕ್ಕ. ಮಣ್ಣು, ಡಾಂಬರು ಎರಡೂ ಸೇರಿ ಒಂದು ಚಾರ್ಜಿಗೆ 100 ಕಿ.ಮೀ. ಎಂದುಕೊಳ್ಳೋಣ. ಚಾರ್ಜ್ ಮಾಡುವಾಗಿನ ನಷ್ಟ ಸೇರಿ ನಾಲ್ಕೂವರೆ ಯೂನಿಟ್. ಯೂನಿಟ್ಟಿಗೆ 6 ರೂಪಾಯಿ ಹಿಡಿದರೆ ಕಿಲೋಮೀಟರಿಗೆ 27 ಪೈಸೆ. ಲೀಟರಿಗೆ 40 ಕಿ.ಮೀ. ಕೊಡುವ ಪೆಟ್ರೋಲ್ ಬೈಕಿಗೆ, ಲೀಟರಿಗೆ 100 ರೂಪಾಯಿ ಎಂದರೂ, ಎರಡೂವರೆ ರೂಪಾಯಿ. ನಿತ್ಯ ಕಾಲೇಜಿಗೆ ಹೋಗಿಬಂದು ವರ್ಷಕ್ಕೆ 8,000 ಕಿ.ಮೀ. ಓಡಿಸುವವನಿಗೆ 17 ಸಾವಿರಕ್ಕೂ ಹೆಚ್ಚು ಉಳಿತಾಯ. ಹಾಸ್ಟೆಲಿನಲ್ಲಿದ್ದು ರಜೆಯಲ್ಲಿ ಮಾತ್ರ 2,000 ಕಿ.ಮೀ. ಓಡಿಸುವವನಿಗೆ ನಾಲ್ಕೂವರೆ ಸಾವಿರವೂ ಉಳಿಯದು. ಸಾಲದ ಬಡ್ಡಿಗೇ ಅದು ಸಾಲದು. ಅಗ್ಗವಾಗುವುದು ಹೆಚ್ಚು ಓಡಿಸುವವನಿಗೆ ಮಾತ್ರ.

ಕರೆಂಟ್ ಪುಕ್ಕಟೆಯಲ್ಲವೇ ಎನ್ನುವವರು ಗೃಹಜ್ಯೋತಿಯ ನಿಯಮ ನೆನಪಿಡಬೇಕು. 200 ಯೂನಿಟ್ ಎಂಬುದು ಗರಿಷ್ಠ ಮಿತಿ. ಪ್ರತಿ ಮನೆಯ ಪಾಲು ಅದರ ಹಿಂದಿನ ಸರಾಸರಿ ಬಳಕೆಯ ಮೇಲೆ ನಿಂತಿದೆ. ತಿಂಗಳಿಗೆ ಹತ್ತು ಚಾರ್ಜ್ ಎಂದರೆ 45 ಯೂನಿಟ್. ಪಾಲು ಮೀರಿದ್ದಕ್ಕೆ ಹಣ ಕಟ್ಟಬೇಕು, ಬಳಕೆ 200 ದಾಟಿದರೆ ಪೂರ್ತಿ ಬಿಲ್ಲು ಬರುತ್ತದೆ.

ಹಣಕ್ಕಿಂತ ದೊಡ್ಡದು ವಯಸ್ಸು. ಇಂಥ ಬೈಕಿಗೆ 18 ತುಂಬಿ ಲೈಸೆನ್ಸ್ ಪಡೆದಿರಬೇಕು. 2019ರ ತಿದ್ದುಪಡಿಯ ಪ್ರಕಾರ ಅಪ್ರಾಪ್ತ ವಯಸ್ಸಿನ ಮಕ್ಕಳು ವಾಹನ ಓಡಿಸಿ ಅಪರಾಧವೆಸಗಿದರೆ ಪಾಲಕರಿಗೆ ಅಥವಾ ವಾಹನದ ಮಾಲೀಕರಿಗೆ 25 ಸಾವಿರ ರೂಪಾಯಿ ದಂಡ, ಮೂರು ವರ್ಷದವರೆಗೆ ಸೆರೆ. ವಾಹನದ ನೋಂದಣಿ ಒಂದು ವರ್ಷ ರದ್ದು. ಮಗುವಿಗೆ 25 ತುಂಬುವವರೆಗೆ ಲೈಸೆನ್ಸ್ ಇಲ್ಲ. ಅಂದರೆ ಓದು ಮುಗಿಸಿ ಕೆಲಸಕ್ಕೆ ಸೇರಿದ ಮೇಲೂ ಬಸ್ಸೇ ಗತಿ. ಮಣ್ಣು ದಾರಿಯ ಬೈಕೆಂದು ಕಾಡಿಗೆ ನುಗ್ಗುವಂತೆಯೂ ಇಲ್ಲ. ಜೋಗಿಮಟ್ಟಿ ಈಗ ವನ್ಯಧಾಮ.

ಅಂಗಡಿಗೆ ಹೋದಾಗ ಮೂರು ಪ್ರಶ್ನೆ ಕೇಳಿ. ಬ್ಯಾಟರಿ ಖಾತರಿ ಎಷ್ಟು ವರ್ಷ, ಎಷ್ಟು ಕಿಲೋಮೀಟರ್? ಖಾತರಿ ಮುಗಿದ ಮೇಲೆ ಹೊಸ ಬ್ಯಾಟರಿಗೆ ಎಷ್ಟು? ಹತ್ತಿರದ ರಿಪೇರಿ ಕೇಂದ್ರ ಯಾವ ಊರಲ್ಲಿ? ಉತ್ತರ ಬರಹದಲ್ಲಿರಲಿ. ಆಮೇಲೆ ಮಗನನ್ನೇ ಕೂರಿಸಿ, ಸಾಧ್ಯವಾದರೆ ಹತ್ತು ಕಿಲೋಮೀಟರ್ ಮಣ್ಣು ದಾರಿಯಲ್ಲಿ ಓಡಿಸಿ ಬ್ಯಾಟರಿ ಶೇಕಡಾ ಎಷ್ಟು ಇಳಿಯಿತೆಂದು ಬರೆದುಕೊಳ್ಳಿ. ಹದಿನೈದು ಇಳಿದಿದ್ದರೆ ನಿಮ್ಮ ಬೈಕು ಓಡುವುದು 66 ಕಿ.ಮೀ. ಮಾತ್ರ, ಜಾಹೀರಾತು ಏನೇ ಹೇಳಲಿ.