ತಗಡೋ ಫೈಬರೋ? ದೋಣಿ ಕೊಳ್ಳಹೊರಟ ಪುಣೆಯ ಕನ್ನಡಿಗರಿಗೆ

ವಿಮಾನ ನಗರದಲ್ಲಿ ದೋಣಿ ಕೊಳ್ಳುತ್ತೇನೆಂದರೆ ಮೊದಲು ನಗುವುದು ಸೊಸೈಟಿಯ ಕಾವಲುಗಾರ. ಒಂದು ಫ್ಲ್ಯಾಟಿಗೆ ಒಂದು ಪಾರ್ಕಿಂಗ್. ಅದರಲ್ಲಿ ಕಾರು, ಸ್ಕೂಟರು, ಮಕ್ಕಳ ಸೈಕಲ್ಲು ಆಗಲೇ ಒಂದಕ್ಕೊಂದು ಅಂಟಿಕೊಂಡು ನಿಂತಿರುತ್ತವೆ. ಆದರೂ ಕಾರವಾರ, ಹೊನ್ನಾವರ, ಕುಂದಾಪುರದ ಕಡೆಯಿಂದ ಇಲ್ಲಿಗೆ ಬಂದು ನೆಲೆಸಿದವರಿಗೆ ಈ ಆಸೆ ಬಿಡುವುದಿಲ್ಲ. ರವಿವಾರ ಗಾಳ ಹಾಕಬೇಕು, ಮಕ್ಕಳಿಗೆ ಹುಟ್ಟು ಹಾಕುವುದನ್ನು ಕಲಿಸಬೇಕು. ಹಾಗಾಗಿ ಫೈಬರ್ ದೋಣಿಯೋ ಅಲ್ಯುಮಿನಿಯಂ ದೋಣಿಯೋ ಎಂಬ ಚರ್ಚೆ ಶುರುವಾಗುತ್ತದೆ. ಅದನ್ನು ಅಂಗಡಿಯಲ್ಲಿ ನಿಂತು ತೀರ್ಮಾನಿಸಲು ಬರುವುದಿಲ್ಲ. ದೋಣಿ ಇಳಿಯುವ ನೀರು ಯಾವುದು, ಒಡೆದಾಗ ಸರಿಮಾಡುವವನು ಎಲ್ಲಿದ್ದಾನೆ, ಈ ಎರಡು ಗೊತ್ತಾದರೆ ಮುಕ್ಕಾಲು ಪಾಲು ಉತ್ತರ ಸಿಕ್ಕ ಹಾಗೆ.

ನೀರಿನ ವಿಚಾರವನ್ನೇ ಮೊದಲು ನೋಡೋಣ. ದಖ್ಖನ್ನಿನ ಮಹಶೀರ್ ಮೀನನ್ನು ವಿಲಿಯಂ ಹೆನ್ರಿ ಸೈಕ್ಸ್ 1839ರಲ್ಲಿ ವಿಜ್ಞಾನಕ್ಕೆ ಪರಿಚಯಿಸಿದ್ದು ಪುಣೆಯ ಪೂರ್ವದಲ್ಲಿ ಹರಿಯುವ ಮುಳಾ-ಮುಠಾ ನದಿಯಿಂದ. ಅಂದರೆ ವಿಮಾನ ನಗರದಿಂದ ಖರಾಡಿಯತ್ತ ಇಳಿದರೆ ಸಿಗುವ ನದಿಯೇ ಅದು. ಇವತ್ತು ಅಲ್ಲಿ ಚರಂಡಿ ನೀರು, ಅಂತರಗಂಗೆ. ಗಾಳ ಹಿಡಿದವನು ಊರು ಬಿಟ್ಟು ಹೋಗಲೇಬೇಕು. ಖಡಕವಾಸ್ಲಾ ನಗರದ ಕುಡಿಯುವ ನೀರು, ಅದರ ದಂಡೆಯಲ್ಲಿ ರಾಷ್ಟ್ರೀಯ ರಕ್ಷಣಾ ಅಕಾಡೆಮಿ; ಅಲ್ಲಿ ಖಾಸಗಿ ದೋಣಿಯ ಆಸೆ ಬೇಡ. ಉಳಿದದ್ದು ಮುಳಶಿ, ಪವನಾ, ಸೋಲಾಪುರ ರಸ್ತೆಯಲ್ಲಿ ಭೀಗವಣದ ಬಳಿಯ ಉಜನಿ ಹಿನ್ನೀರು. ವಿಜಯಪುರ, ಕಲಬುರಗಿಯವರು ಊರಿಗೆ ಹೋಗುವಾಗಲೆಲ್ಲ ದಾಟುವ ನೀರು ಇದು. ಅದೇ ಭೀಮೆ ಮುಂದೆ ಅವರ ಸೀಮೆಗೂ ಹರಿಯುತ್ತಾಳೆ.

ಉಜನಿಯನ್ನು ಏಪ್ರಿಲ್-ಮೇ ತಿಂಗಳಲ್ಲಿ ನೋಡಬೇಕು. ನೀರು ಹಿಂದೆ ಸರಿದಂತೆ ಕರಿಗಲ್ಲಿನ ಚೂಪು ಅಂಚು, ಮುಳುಗಿದ ಊರುಗಳ ಗೋಡೆ, ಮರದ ಬೊಡ್ಡೆ ಒಂದೊಂದಾಗಿ ತಲೆ ಎತ್ತುತ್ತವೆ. ನೀರು ತೀರಾ ಇಳಿದ ವರ್ಷ ಪಳಸದೇವದ ಹಳೆಯ ಪಳಸನಾಥ ದೇವಸ್ಥಾನವೂ ಕಾಣುತ್ತದೆ. ಅಲ್ಲಿ ದೋಣಿ ಇಳಿಸಲು ಹಾಸುಗಲ್ಲಿನ ಇಳಿಜಾರೇನೂ ಇಲ್ಲ. ಕೆಸರಿನ ಮೇಲೆ, ಕಲ್ಲಿನ ಮೇಲೆ ಎಳೆದುಕೊಂಡೇ ಹೋಗಬೇಕು. ಇಂಥ ಕಡೆ ಅಲ್ಯುಮಿನಿಯಂ ಗೆಲ್ಲುತ್ತದೆ. ಕಲ್ಲಿಗೆ ಬಡಿದರೆ ತಗಡು ನೆಗ್ಗುತ್ತದೆ, ಅಷ್ಟೇ. ಫೈಬರ್‌ ಆದರೆ ಮೇಲಿನ ಹೊಳಪಿನ ಪದರ ಕೆತ್ತಿಹೋಗುತ್ತದೆ, ಪೆಟ್ಟು ಜೋರಾಗಿದ್ದರೆ ಸೀಳುತ್ತದೆ. ಸೀಳಿನೊಳಗೆ ನೀರು ಇಳಿದು ವರ್ಷಗಟ್ಟಲೆ ಕೂತರೆ ಪದರ ಪದರವಾಗಿ ಬಿಡುತ್ತಾ ಹೋಗುತ್ತದೆ.

ತೂಕದಲ್ಲೂ ಅಲ್ಯುಮಿನಿಯಮ್ಮೇ ಹಗುರ, ಇದು ಸ್ವಲ್ಪ ವಿಚಿತ್ರ. ನೀರಿಗಿಂತ 2.7 ಪಟ್ಟು ಭಾರದ ಲೋಹ ಅದು. ಗಾಜಿನ ನಾರು ಮತ್ತು ರೆಸಿನ್ ಸೇರಿದ ಫೈಬರ್ ಎರಡು ಪಟ್ಟನ್ನೂ ಮುಟ್ಟುವುದು ಅಪರೂಪ. ಆದರೆ ತಗಡು ಒಂದೂವರೆ, ಎರಡು ಮಿಲಿಮೀಟರ್ ದಪ್ಪವಿದ್ದರೆ ಸಣ್ಣ ದೋಣಿಗೆ ಸಾಕು, ಫೈಬರನ್ನು ಅದಕ್ಕಿಂತ ಬಹಳ ದಪ್ಪವಾಗಿ ಎರಕ ಹೊಯ್ಯಬೇಕು. ಹನ್ನೆರಡು ಅಡಿಯ ಬರೀ ಅಲ್ಯುಮಿನಿಯಂ ದೋಣಿಯನ್ನು ಇಬ್ಬರು ಗಂಡಸರು ಎತ್ತಿ ಕಾರಿನ ಮೇಲೆ ಇಡಬಹುದು. ಅದೇ ಅಳತೆಯ ಫೈಬರ್ ದೋಣಿಗೆ ನಾಲ್ಕು ಜನ ಬೇಕು, ಇಲ್ಲವೇ ಟ್ರೇಲರ್. ಟ್ರೇಲರ್ ಎಂದ ಕೂಡಲೇ ಸೊಸೈಟಿಯ ಸಭೆ ನೆನಪಾಗಿ ಬಹಳ ಮಂದಿಯ ಉತ್ಸಾಹ ಅಲ್ಲಿಗೇ ಇಳಿದುಹೋಗುತ್ತದೆ.

ಈ ಹಗುರ ದೋಣಿಗೆ ವಿಮಾನದ ನೆಂಟಸ್ತಿಕೆಯೂ ಇದೆ. ಅಮೆರಿಕದ ಗ್ರಮನ್ ಕಂಪನಿ ಯುದ್ಧವಿಮಾನ ಮಾಡುತ್ತಿತ್ತು. ಅದರ ಉಪಾಧ್ಯಕ್ಷ ವಿಲಿಯಂ ಹಾಫ್‌ಮನ್ 1944ರಲ್ಲಿ ಮೀನು ಹಿಡಿಯಲು ಹೋದಾಗ ಮರ-ಕ್ಯಾನ್ವಾಸಿನ ಭಾರದ ದೋಣಿ ಹೊತ್ತು ಬೇಸತ್ತರು. ವಿಮಾನದ ತಗಡಿನಲ್ಲೇ ಇದನ್ನು ಯಾಕೆ ಮಾಡಬಾರದು ಎಂಬ ಯೋಚನೆ ಹುಟ್ಟಿದ್ದು ಆಗ. ಯುದ್ಧ ಮುಗಿಯುತ್ತಿದ್ದಂತೆ, 1945ರಲ್ಲಿ, ಕಂಪನಿ ದೋಣಿ ಮಾರಲು ಶುರು ಮಾಡಿತು.

ಕರಾವಳಿಗೆ ಇಳಿದರೆ ಲೆಕ್ಕ ತಿರುವುಮುರುವಾಗುತ್ತದೆ. ಮಲ್ಪೆ, ಗಂಗೊಳ್ಳಿ, ಕಾರವಾರದಲ್ಲಿ ಮರದ ನಾಡದೋಣಿಯ ಜಾಗಕ್ಕೆ ಫೈಬರ್ ಬಂದು ಕೂತಿದೆ. ಅದಕ್ಕೆ ಕಾರಣವೂ ಇದೆ. ಉಪ್ಪುನೀರಿನಲ್ಲಿ ಅಲ್ಯುಮಿನಿಯಮ್ಮಿಗೆ ಹಿತ್ತಾಳೆಯ ಸ್ಕ್ರೂ, ತಾಮ್ರ ಬೆರೆತ ಬಣ್ಣ ತಗಲಿದರೆ ಬ್ಯಾಟರಿಯ ಹಾಗೆ ವಿದ್ಯುತ್ ಹರಿದು ಅಲ್ಯುಮಿನಿಯಮ್ಮೇ ಕರಗುತ್ತಾ ಹೋಗುತ್ತದೆ. ಬೇರೆ ಲೋಹದ ತುಂಡೊಂದನ್ನು ಬಲಿಯಾಗಲೆಂದೇ ದೋಣಿಗೆ ಕಟ್ಟಿ, ಅದು ಸವೆದಂತೆ ಬದಲಾಯಿಸುತ್ತಿರಬೇಕು. ಫೈಬರಿಗೆ ಆ ಗೋಳಿಲ್ಲ.

ಅದಕ್ಕಿಂತ ದೊಡ್ಡ ಅನುಕೂಲ ರಿಪೇರಿ. ಒಡೆದ ಜಾಗದ ಸುತ್ತ ಗ್ರೈಂಡರ್ ಹಿಡಿದು ಅಂಚನ್ನು ಬಟ್ಟಲಿನಂತೆ ಇಳಿಜಾರು ಮಾಡುತ್ತಾರೆ, ದೂಳು ಒರೆಸಿ ಅಸಿಟೋನ್ ಬಳಿಯುತ್ತಾರೆ. ಡಬ್ಬಿಯಲ್ಲಿ ರೆಸಿನ್, ಅದಕ್ಕೆ ನೂರಕ್ಕೆ ಒಂದೋ ಎರಡೋ ಪಾಲು ಹಾರ್ಡನರ್. ಗಾಜಿನ ನಾರಿನ ಮ್ಯಾಟ್ ಇಟ್ಟು ಬ್ರಷ್‌ನಲ್ಲಿ ತೋಯಿಸಿ, ಒಳಗೆ ಗಾಳಿಯ ಗುಳ್ಳೆ ನಿಲ್ಲದಂತೆ ರೋಲರ್ ಉರುಳಿಸಿ, ಮೇಲೆ ಇನ್ನೊಂದು ಮ್ಯಾಟ್. ಬಿಸಿಲಿದ್ದರೆ ಕೈ ಚುರುಕಾಗಿರಬೇಕು, ಡಬ್ಬಿಯೊಳಗೇ ಗಟ್ಟಿಯಾಗಿಬಿಡುತ್ತದೆ. ಮೂಗಿಗೆ ಹೊಡೆಯುವ ಆ ವಾಸನೆ ಬಂದರದಲ್ಲಿ ಓಡಾಡಿದವರಿಗೆಲ್ಲ ಗೊತ್ತು. ಈ ಕೆಲಸ ಬಲ್ಲವರು ಕರಾವಳಿಯುದ್ದಕ್ಕೂ ಸಿಗುತ್ತಾರೆ. ತೆಳು ಅಲ್ಯುಮಿನಿಯಂ ತಗಡನ್ನು ಉಬ್ಬಿಸದೆ ಬೆಸೆಯಬಲ್ಲ ಕೈ ಸಿಗುವುದು ಕಷ್ಟ. ಸಿಕ್ಕರೂ ಅವನು ಕಾರ್ಖಾನೆ ಪ್ರದೇಶದಲ್ಲಿರುತ್ತಾನೆ, ಹೊಳೆಯ ದಂಡೆಯಲ್ಲಿ ಅಲ್ಲ. ಪಿಂಪ್ರಿ-ಚಿಂಚವಾಡ ಹತ್ತಿರವಿರುವುದು ಈ ಒಂದು ವಿಷಯದಲ್ಲಿ ಪುಣೆಯವರ ಪುಣ್ಯ.

ಹಳೆಯ ದೋಣಿ ಕೊಳ್ಳುವುದಾದರೆ ಎರಡಕ್ಕೂ ಸುಲಭದ ಪರೀಕ್ಷೆ ಇದೆ. ಅಲ್ಯುಮಿನಿಯಂ ದೋಣಿಯನ್ನು ಎರಡು ಕಟ್ಟೆಗಳ ಮೇಲಿಟ್ಟು ಒಳಗೆ ನಾಲ್ಕು ಕೊಡ ನೀರು ಸುರಿದು ಅಡಿಯಲ್ಲಿ ಕೂತು ನೋಡಿ. ಸಡಿಲಾದ ರಿವೆಟ್ ತಾನಾಗಿ ತೊಟ್ಟಿಕ್ಕುತ್ತದೆ. ಫೈಬರ್ ದೋಣಿಯಲ್ಲಿ ಎಂಜಿನ್ ಕೂರುವ ಹಿಂಬದಿಯ ಹಲಗೆಯನ್ನು ನಾಣ್ಯದಿಂದ ಕುಟ್ಟಿ. ಟಣ್ ಎಂದರೆ ಸರಿ. ದಬ್ ಎಂದರೆ ಒಳಗಿನ ಪ್ಲೈವುಡ್ ಕೊಳೆತಿದೆ, ಮಾರುವವರು ಎಷ್ಟೇ ಹೊಸ ಬಣ್ಣ ಹೊಡೆಸಿರಲಿ. ಇನ್ನು ಮುಪ್ಪಿನ ವಿಚಾರ: ತಗಡಿನ ದೋಣಿಗೆ ಗುಜರಿಯವರು ಕಿಲೊ ಲೆಕ್ಕದಲ್ಲಿ ದುಡ್ಡು ಕೊಡುತ್ತಾರೆ. ಫೈಬರನ್ನು ಕರಗಿಸಲು ಬರುವುದಿಲ್ಲ, ಸುಟ್ಟರೆ ವಿಷದ ಹೊಗೆ.

ಮನೆಮಂದಿಯನ್ನೆಲ್ಲ ಕೂರಿಸುವವರು ತಿಳಿದಿರಬೇಕಾದ್ದು ಬೇರೆ. ಮರದ ದೋಣಿ ನೀರು ತುಂಬಿದರೂ ತೇಲುತ್ತದೆ. ಇವೆರಡೂ ಮುಳುಗುತ್ತವೆ. ಸೀಟಿನ ಕೆಳಗೆ ಫೋಮ್ ತುಂಬಿದೆಯೇ ಎಂದು ಕೇಳದೆ ಯಾವುದನ್ನೂ ಕೊಳ್ಳಬೇಡಿ. 2024ರ ಮೇ 21ರ ಸಂಜೆ ಇದೇ ಉಜನಿಯಲ್ಲಿ ಕುಗಾವದಿಂದ ಕಳಾಶಿಗೆ ಹೊರಟ ದೋಣಿ ಬಿರುಗಾಳಿಗೆ ಮಗುಚಿ ಆರು ಜನ ಹೋದರು. 2019ರ ಜನವರಿ 21ರಂದು ಕಾರವಾರದ ಬಳಿ ಕೂರ್ಮಗಡ ಜಾತ್ರೆಯಿಂದ ಮರಳುವವರ ದೋಣಿ ಮಗುಚಿದಾಗ ಸತ್ತವರು 16 ಮಂದಿ. ಮುಂಗಾರಿಗೆ ಮೊದಲಿನ ಗಾಳಿಯಲ್ಲಿ ಹಗುರ ತಗಡಿನ ದೋಣಿ ಎಲೆಯಂತೆ ಪಕ್ಕಕ್ಕೆ ಸರಿಯುತ್ತದೆ. ಭಾರದ ಫೈಬರ್ ದೋಣಿ ಅಷ್ಟು ಬೇಗ ದಾರಿ ಬಿಡುವುದಿಲ್ಲ. ಆದ್ದರಿಂದ ಏಪ್ರಿಲ್ ನಂತರ ಮಧ್ಯಾಹ್ನ ಮೂರರೊಳಗೆ ದಡ ಸೇರಿಬಿಡಬೇಕು. ಲೈಫ್ ಜಾಕೆಟ್ ದೋಣಿಯಲ್ಲಿದ್ದರೆ ಸಾಲದು, ಮೈಮೇಲಿರಬೇಕು.

ನನ್ನನ್ನು ಕೇಳಿದರೆ, ದೋಣಿ ಪುಣೆಯ ಸುತ್ತಲಿನ ಅಣೆಕಟ್ಟುಗಳಲ್ಲೇ ತಿರುಗುವುದಾದರೆ ಅಲ್ಯುಮಿನಿಯಂ, ಚಪ್ಪಟೆ ತಳದ್ದು, ಮೂರು ಜನಕ್ಕೆ. ಹೊನ್ನಾವರದ ಅಜ್ಜನ ಮನೆಯಲ್ಲಿ ಇಟ್ಟು ಶರಾವತಿಯ ಅಳಿವೆಯಲ್ಲಿ ರಜೆಗೆ ಓಡಿಸುವುದಾದರೆ ಕಣ್ಣು ಮುಚ್ಚಿ ಫೈಬರ್. ಎರಡೂ ಕಡೆಗೆ ಒಂದೇ ದೋಣಿ ಎಂಬ ಜಾಣತನ ಬೇಡ. ಎಂಜಿನ್ ಕೂರಿಸುವುದಾದರೆ 2021ರ ಒಳನಾಡು ನೌಕಾ ಕಾಯ್ದೆಯ ಪ್ರಕಾರ ತಪಾಸಣೆ, ನೋಂದಣಿ, ವಿಮೆ ಬೇಕಾಗುತ್ತದೆ. ಅಣೆಕಟ್ಟಿನ ನೀರು ಹೆಚ್ಚಾಗಿ ಜಲಸಂಪನ್ಮೂಲ ಇಲಾಖೆಯದು, ಮೀನಿನ ಹಕ್ಕು ಸಾಮಾನ್ಯವಾಗಿ ಮೀನುಗಾರರ ಸಹಕಾರ ಸಂಘಕ್ಕೆ ಗುತ್ತಿಗೆ ಹೋಗಿರುತ್ತದೆ. ಮುಂಗಡ ಕೊಡುವ ಮೊದಲು ಇಲಾಖೆಯನ್ನೂ ಸಂಘವನ್ನೂ ವಿಚಾರಿಸಿಕೊಂಡು ಬನ್ನಿ. ಚಳಿಗಾಲದಲ್ಲಿ ರಾಜಹಂಸ ತೋರಿಸಲು ಭೀಗವಣದ ಮೀನುಗಾರರು ಹೇಗೂ ದೋಣಿ ಬಾಡಿಗೆಗೆ ಕೊಡುತ್ತಾರೆ. ಒಂದು ಬೆಳಿಗ್ಗೆ ಅದರಲ್ಲಿ ಕೂತು, ಇದರ ತಳ ಎಷ್ಟು ಸಲ ರಿಪೇರಿಯಾಗಿದೆ, ಎಲ್ಲಿ ಮಾಡಿಸಿದಿರಿ, ಎಷ್ಟು ಕೊಟ್ಟಿರಿ ಎಂದು ಕೇಳಿ.